ಚೆನ್ನಾಗೇ ಇದೀನಲ್ಲ, ಪರೀಕ್ಷೆ ಯಾಕೆ?



2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 25 ಸಾವಿರ ರೂಪಾಯಿ ದಾಟಿತು. ಎರಡೇ ವರ್ಷ ಹಿಂದೆ ಎಂಟು ಸಾವಿರದ ಆಸುಪಾಸಿನಲ್ಲಿ ಒದ್ದಾಡುತ್ತಿದ್ದ ಬೆಲೆ ಅದು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರು ಮೀಸೆ ತಿರುವಿದರು, ಅವಸರಪಟ್ಟು ಕೊಟ್ಟವರು ಕೈ ಕೈ ಹಿಸುಕಿಕೊಂಡರು. ದುಡ್ಡು ಕೈ ಸೇರಿದಾಗ ಬಾಕಿ ಬಿದ್ದ ಕೆಲಸಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. ಸುಟ್ಟುಹೋದ ಬೋರ್‌ವೆಲ್ ಮೋಟರು, ಬ್ಯಾಂಕಿನಲ್ಲಿ ಕೂತಿರುವ ಒಡವೆ, ಮಗಳ ಮದುವೆ. ಈಚೆಗೆ ಆ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ: ‘ಫುಲ್ ಬಾಡಿ ಚೆಕಪ್’. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, “ಅಪ್ಪ, ಈ ಸಲ ಬಂದುಬಿಡು, ಪ್ಯಾಕೇಜ್ ಇದೆ, ಎಲ್ಲಾ ಟೆಸ್ಟೂ ಒಂದೇ ದಿನ ಮಾಡ್ತಾರೆ” ಅನ್ನುತ್ತಾನೆ. ಮಗನ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ಯಾಕೇಜಿಗಿಂತ ಉಪಯೋಗದ ಪರೀಕ್ಷೆಗಳು ಅಪ್ಪನ ಊರಿನ ಉಪಕೇಂದ್ರದಲ್ಲೇ ಇವೆ, ಅದೂ ಬಿಟ್ಟಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಈ ಸೀಮೆಯ ಆರೋಗ್ಯ ಕೇಂದ್ರದಲ್ಲಿ ಕೂತು ವರ್ಷಗಟ್ಟಲೆ ಬಿ.ಪಿ. ನೋಡಿದವನ ಮಾತು ಎಂದುಕೊಂಡು ಕೇಳಿ.

ಮೊದಲು ಪಕ್ಕದ ಹಾಸನದ ಸಂಗತಿ. 2025ರ ಜೂನ್ ತಿಂಗಳು ನಿಮಗೆಲ್ಲ ನೆನಪಿರುತ್ತದೆ. ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು ಎಂದು ಟಿ.ವಿ.ಯಲ್ಲಿ ದಿನಬೆಳಗಾದರೆ ಸುದ್ದಿ. ಅರಸೀಕೆರೆ ದಾಟಿದರೆ ನಮ್ಮದೇ ಊರು, ಬೀಗರು ಬಿಜ್ಜರೆಲ್ಲ ಆ ಕಡೆಯವರು. ಹೆದರಿಕೆ ಹಬ್ಬಲು ಎಷ್ಟು ಹೊತ್ತು? ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಎದೆನೋವಿಲ್ಲ, ಏನಿಲ್ಲ, ಸುಮ್ಮನೆ ಒಂದು ಸಲ ನೋಡಿಬಿಡಿ ಎಂದು ಬಂದವರೇ ಹೆಚ್ಚು. ಭಯಬಿದ್ದು ಹೀಗೆ ಬರಬೇಡಿ ಎಂದು ಆಸ್ಪತ್ರೆಯವರೇ ಕೇಳಿಕೊಳ್ಳಬೇಕಾಯಿತು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಹೃದಯಾಘಾತದ ಸಾವು ಹಾಸನದಲ್ಲಿ ಏರಿರಲಿಲ್ಲ. ಸತ್ತವರಲ್ಲಿ ಹೆಚ್ಚಿನವರಿಗೆ ಬಿ.ಪಿ., ಶುಗರ್, ಸಿಗರೇಟು, ಕುಡಿತ, ಬೊಜ್ಜು, ಮನೆತನದಲ್ಲಿ ಹೃದ್ರೋಗ, ಇವುಗಳಲ್ಲಿ ಒಂದಲ್ಲ ಒಂದು ಇತ್ತು.

ಇದನ್ನು ಕೇಳಿ ಹಲವರು ‘ಸದ್ಯ, ಏನೂ ಇಲ್ಲವಂತೆ’ ಎಂದು ನಿಟ್ಟುಸಿರುಬಿಟ್ಟರು. ನನಗೆ ಆ ವರದಿ ಓದಿ ಸಮಾಧಾನವೇನೂ ಆಗಲಿಲ್ಲ. ಸಾವು ಹೆಚ್ಚಾಗಿಲ್ಲ ಎಂದರೆ ಏನರ್ಥ? ಪ್ರತಿವರ್ಷವೂ ಅಷ್ಟೇ ಜನ ಸಾಯುತ್ತಿದ್ದರು, ಯಾರೂ ಗಮನ ಕೊಟ್ಟಿರಲಿಲ್ಲ ಎಂದರ್ಥ. ಮತ್ತೆ, ಸಾಲಿನಲ್ಲಿ ನಿಂತು ಇ.ಸಿ.ಜಿ. ಮಾಡಿಸಿಕೊಂಡು ‘ನಾರ್ಮಲ್’ ಎಂಬ ಚೀಟಿ ಹಿಡಿದು ಬಸ್ ಹತ್ತಿದವರಲ್ಲಿ ಎಷ್ಟು ಮಂದಿ ದಾರಿಯಲ್ಲಿ ಬೀಡಿ ಹಚ್ಚಿದರೋ! ಇ.ಸಿ.ಜಿ. ಆ ಹೊತ್ತಿನ ಹೃದಯದ ಸ್ಥಿತಿ ಹೇಳುತ್ತದೆ. ನಾಳಿನ ಗ್ಯಾರಂಟಿ ಕೊಡುವುದಿಲ್ಲ. ನಾಳೆಯ ಸುಳಿವು ಸಿಗುವುದು ಬಿ.ಪಿ., ಸಕ್ಕರೆ, ಸೊಂಟದ ಸುತ್ತಳತೆ, ಬಾಯಿಚಟ, ಇಂಥ ಸಣ್ಣ ವಿಷಯಗಳಲ್ಲಿ.

ಈಗ ನಿಮ್ಮನ್ನು ಅರವತ್ತು ಚಿಲ್ಲರೆ ವರ್ಷ ಹಿಂದಕ್ಕೆ ಕರೆದೊಯ್ಯಬೇಕು. ತಪಾಸಣೆ ಎಂದರೆ ಏನು, ಅದನ್ನು ಎಲ್ಲಿ ಮಾಡಬೇಕು ಎಂಬ ಪಾಠವನ್ನು ಇಡೀ ದೇಶಕ್ಕೆ ಹೇಳಿಕೊಟ್ಟದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳು. ಇದು ನಮ್ಮವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಟಿ.ಬಿ. ಆಗ ಮನೆಮನೆಯ ಕಾಯಿಲೆ. ದೇಶಕ್ಕೊಂದು ಕಾರ್ಯಕ್ರಮ ರೂಪಿಸಬೇಕು, ಅದಕ್ಕೆ ಮೊದಲು ಹಳ್ಳಿಗಾಡಿನಲ್ಲಿ ರೋಗ ಎಷ್ಟಿದೆ ಎಂದು ತಿಳಿಯಬೇಕು. 1960–61ರಲ್ಲಿ ಸಂಸ್ಥೆಯ ತಂಡಗಳು ಇದಕ್ಕೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು, ಮುಂಗೈಗೆ ಟ್ಯೂಬರ್ಕ್ಯುಲಿನ್ ಸೂಜಿ ಹಾಕಿದರು, ಎದೆಯ ಎಕ್ಸ್‌ರೇ ತೆಗೆದರು, ಅನುಮಾನ ಬಂದವರ ಕಫ ತೆಗೆದುಕೊಂಡರು. ಕಫದಲ್ಲಿ ಕ್ರಿಮಿ ಸಿಕ್ಕವರು ಸಾವಿರಕ್ಕೆ ಸುಮಾರು ನಾಲ್ವರು.

ಹೀಗೆ ಎಕ್ಸ್‌ರೇ ವಾಹನವನ್ನು ಊರೂರಿಗೂ ತಿರುಗಿಸುತ್ತ ಹೋದರೆ ಇಡೀ ಭಾರತಕ್ಕೆ ಎಷ್ಟು ವಾಹನ ಬೇಕು, ಎಷ್ಟು ವರ್ಷ ಬೇಕು? ಅಂದಿನ ಸರ್ಕಾರದ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಆಗ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರು, ಸ್ಟಿಗ್ ಆಂಡರ್ಸನ್ ಎಂಬವರ ಜೊತೆ ಸೇರಿ ಬೇರೆಯೇ ಪ್ರಶ್ನೆ ಕೇಳಿದರು. ಎಕ್ಸ್‌ರೇಯಲ್ಲಿ ರೋಗ ಕಂಡ ಈ ಜನಕ್ಕೆ ತಮಗೆ ಏನೋ ಆಗಿದೆ ಎಂದು ಮೊದಲೇ ಗೊತ್ತಿತ್ತೆ? ಹಳ್ಳಿಯವರು ಕೆಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ, ನಾವೇ ಹೋಗಿ ಹಿಡಿದುತರಬೇಕು ಎಂದು ಪೇಟೆಯ ಪಂಡಿತರು ನಂಬಿದ್ದ ಕಾಲ. ಇವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಜಗಲಿಯ ಮೇಲೆ ಕೂತು ಮಾತಾಡಿಸಿದಾಗ ಸಿಕ್ಕ ಉತ್ತರ ಆ ನಂಬಿಕೆಯನ್ನೇ ಬುಡಮೇಲು ಮಾಡಿತು. ರೋಗವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ನೀರೌಷಧಿ. ಕಫ ನೋಡಿದವರಿಲ್ಲ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನ ಇವತ್ತಿಗೂ ಓದಬೇಕಾದದ್ದು. ಕೆಮ್ಮು ಎಂದು ತಾನಾಗಿ ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ನೋಡಿ, ಅಲ್ಲೇ ಮಾತ್ರೆ ಕೊಡಿ ಎಂಬ ತಳಹದಿಯ ಮೇಲೆ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತಿತು. ಶ್ರೀಮಂತ ದೇಶಗಳೂ ಎಕ್ಸ್‌ರೇ ಗಾಡಿಗಳ ಹಿಂದೆ ಓಡುತ್ತಿದ್ದಾಗ, ತಪ್ಪು ರೋಗಿಯದಲ್ಲ ಎಂದು ನಮ್ಮ ಹಳ್ಳಿಗಳು ಸಾಕ್ಷಿ ಹೇಳಿದ್ದವು.

ಆದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲ. 2019ರಿಂದ 2021ರವರೆಗೆ ದೇಶದಾದ್ಯಂತ ಮತ್ತೆ ಟಿ.ಬಿ. ಸಮೀಕ್ಷೆ ನಡೆಯಿತು. ಎದೆಯ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ ಶೇ. 42.6ರಷ್ಟು ರೋಗಿಗಳು ತಪ್ಪಿಹೋಗುತ್ತಿದ್ದರು ಎಂದು ಅದು ಹೇಳಿತು. ಅಂದರೆ ಒಳಗೆ ರೋಗವಿದ್ದೂ ಹೊರಗೆ ಆರಾಮಾಗಿ ಓಡಾಡುವವರು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಅದಕ್ಕೇ ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಕ್ಸ್‌ರೇ ಯಂತ್ರಗಳು ಹಳ್ಳಿಗೆ ಬರುತ್ತಿವೆ. ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು, ಮನೆಯಲ್ಲಿ ಟಿ.ಬಿ. ಇದ್ದವರು, ತೀರಾ ತೂಕ ಇಳಿದವರು ಕೆಮ್ಮು ಇಲ್ಲದಿದ್ದರೂ ಅದರ ಮುಂದೆ ನಿಲ್ಲಬೇಕು. 1963ರ ಮಾತೂ ಸುಳ್ಳಲ್ಲ, ಈಗಿನದೂ ಸುಳ್ಳಲ್ಲ. ಲಕ್ಷಣ ಹೇಳಿಕೊಂಡು ಬಂದವನನ್ನು ವಾಪಸ್ ಕಳಿಸಬಾರದು. ಲಕ್ಷಣ ಇಲ್ಲದವನಲ್ಲಿ ಹುಡುಕುವುದಾದರೆ ಯಾರಲ್ಲಿ, ಏನನ್ನು ಎಂದು ಗೊತ್ತಿಟ್ಟುಕೊಂಡು ಹುಡುಕಬೇಕು.

ಲಕ್ಷಣ ಇಲ್ಲದವನು ಎಂದೆ. ನಮ್ಮ ಕಡೆ ಎಲ್ಲರೂ ಅವರೇ. ಒಬ್ಬ ಯಜಮಾನರು, ಅರವತ್ತು ಹತ್ತಿರ, ಕಾಯಿ ಸುಲಿಯುವ ಕೆಲಸ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ದಿನಕ್ಕೆ ಸಾವಿರ ಕಾಯಿ ಸುಲಿದು ಹಾಕುವ ತೋಳು. ಹೆಂಡತಿಯನ್ನು ತೋರಿಸಲು ಬಂದವರನ್ನು ಕೂರಿಸಿ ಬಿ.ಪಿ. ಪಟ್ಟಿ ಸುತ್ತಿದೆವು. ನೂರ ಎಂಬತ್ತು ದಾಟಿತ್ತು. “ಮಿಷನ್ನು ಸರಿಗಿದೆಯಾ ಸಾರ್? ಚೆನ್ನಾಗೇ ಇದೀನಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ. ಇವಳು ನೋಡಿ, ದಿನಾ ಅಲ್ಲಿ ನೋವು ಇಲ್ಲಿ ನೋವು ಅಂತಾಳೆ, ಇವಳಿಗೇ ಬಿ.ಪಿ. ಇಲ್ವಂತೆ!” ಇನ್ನೊಂದು ದಿನ ಕರೆದು ನೋಡಿದರೂ ಅಷ್ಟೇ. ಬಿ.ಪಿ. ಬಗ್ಗೆ ಅರ್ಧ ಜನ ನಂಬಿರುವುದು ಹೀಗೆಯೇ, ತಲೆನೋವು ಬಂದರೆ ಬಿ.ಪಿ., ಬರದಿದ್ದರೆ ಇಲ್ಲ. ಆ ಕಾಯಿಲೆಗೆ ನೋವೇ ಇಲ್ಲ. ಅದು ನೋವಾಗಿ ತೋರುವ ಹೊತ್ತಿಗೆ ಮೂತ್ರಪಿಂಡವೋ ಕಣ್ಣೋ ಮಿದುಳಿನ ರಕ್ತನಾಳವೋ ಪೆಟ್ಟು ತಿಂದಿರುತ್ತದೆ. ಲಕ್ವ ಹೊಡೆಯಿತು ಎನ್ನುವ ಮನೆಗಳಲ್ಲಿ ವಿಚಾರಿಸಿ ನೋಡಿ, ಹೆಚ್ಚಿನ ಕಡೆ ಬಿ.ಪಿ. ಅಳೆಸಿದ ದಾಖಲೆಯೇ ಇರುವುದಿಲ್ಲ.

ತೆಂಗಿಗೆ ಬರುವ ಅಣಬೆ ರೋಗ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಮರ ಕೈಬಿಟ್ಟ ಹಾಗೆಯೇ. ಅದಕ್ಕೇ ಬುದ್ಧಿವಂತ ರೈತ ಗರಿ ಹಳದಿಯಾದಾಗಲೇ, ಕಾಂಡದಿಂದ ಕಂದು ರಸ ಇಳಿದಾಗಲೇ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಓಡುತ್ತಾನೆ. ಮರಕ್ಕೆ ತೋರಿಸುವ ಈ ಮುತುವರ್ಜಿಯನ್ನು ಮೈಗೂ ತೋರಿಸಿ ಎಂದರೆ ಬೈದುಕೊಳ್ಳಬೇಡಿ.

ಹಾಗಾದರೆ ಏನೇನು ನೋಡಿಸಬೇಕು? ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗ ಮೊದಲ ಹಂತಕ್ಕೆ ಆರಿಸಿದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ತುಮಕೂರೂ ಒಂದು. 30 ವರ್ಷ ದಾಟಿದವರಿಗೆ ವರ್ಷಕ್ಕೊಮ್ಮೆ ಬಿ.ಪಿ. ಮತ್ತು ಶುಗರ್, ಐದು ವರ್ಷಕ್ಕೊಮ್ಮೆ ಬಾಯಿ, ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ. ಕಾರ್ಯಕ್ರಮದ ತಿರುಳು ಇಷ್ಟೇ. ಆಶಾ ಕಾರ್ಯಕರ್ತೆ ಒಂದು ಪಟ್ಟಿ ಹಿಡಿದು ಬಂದು ಬೀಡಿ, ಎಲೆಅಡಿಕೆ, ಕುಡಿತ, ಸೊಂಟದಳತೆ, ಅಪ್ಪ ಅಮ್ಮನಿಗೆ ಶುಗರ್ ಇತ್ತೇ ಎಂದೆಲ್ಲ ಕೇಳುತ್ತಾರಲ್ಲ, ಅದಕ್ಕೆ ಅಂಕ ಹಾಕುತ್ತಾರೆ. ನಾಲ್ಕು ಮೀರಿದರೆ ನಿಮ್ಮನ್ನು ಮೊದಲು ಕರೆಯಬೇಕು ಎಂದು ಲೆಕ್ಕ. ಸೊಂಟದಳತೆ ಕೇಳಿದರೆ ನಗುವುದು, ಕುಡಿತ ಕೇಳಿದರೆ ಸುಳ್ಳು ಹೇಳುವುದು, ಎರಡೂ ನಿಮಗೇ ನಷ್ಟ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರಾಚೆ ಹೋದರೆ ಎಚ್ಚರ. ಕೋಲಾರದಲ್ಲಿ 2024ರಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿದ ‘ಗೃಹ ಆರೋಗ್ಯ’ ಯೋಜನೆಯೂ ಈ ತಪಾಸಣೆಯನ್ನೇ ಮನೆಬಾಗಿಲಿಗೆ ತರುತ್ತಿದೆ.

ಬಿ.ಪಿ. ನೋಡಿಸುವುದಕ್ಕೂ ಒಂದು ಕ್ರಮವಿದೆ. ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನಿರಿ. ಕೊಬ್ಬರಿ ರೇಟಿನ ಮಾತೂ ಬೇಡ! ಅಂಗಿಯ ತೋಳು ಬಿಗಿಯಾಗಿದ್ದರೆ ಅದನ್ನು ಮೇಲೆ ಸುರುಳಿಸದೆ ಅಂಗಿಯಿಂದ ಕೈ ಬಿಡಿಸಿ. ಪಟ್ಟಿ ಎದೆಯ ಮಟ್ಟದಲ್ಲಿರಲಿ. ಎರಡು ಸಲ ಅಳೆಯಲು ಕೇಳಿ. ಬೇರೆ ಬೇರೆ ದಿನ 140/90 ಅಥವಾ ಹೆಚ್ಚು ಬಂದರೆ ಅದು ಬಿ.ಪಿ. ಓಡಿಬಂದ ಕೂಡಲೆ, ನಿಂತ ನಿಲುವಿನಲ್ಲೇ, ಜಾತ್ರೆಯ ಶಿಬಿರದಲ್ಲಿ ಅಳೆದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಸಕ್ಕರೆಯ ವಿಷಯ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನು ಅದು ಪೇಟೆಯವರ ಕಾಯಿಲೆಯಾಗಿ ಉಳಿದಿಲ್ಲ. “ನಾವು ಮುದ್ದೆ ತಿನ್ನೋರು, ನಮಗ್ಯಾಕೆ ಶುಗರು” ಎಂಬ ಧೈರ್ಯಕ್ಕೆ ಆಧಾರವಿಲ್ಲ. ಎರಡು ಹೊತ್ತು ದೊಡ್ಡ ಮುದ್ದೆ, ಬೈಕಿನಲ್ಲೇ ತೋಟಕ್ಕೆ ಹೋಗಿ ಬರುವುದು, ಡ್ರಿಪ್ಪಿನ ವಾಲ್ವ್ ತಿರುಗಿಸಿದರೆ ಮುಗಿಯುವ ಬೇಸಾಯ. ಮುದ್ದೆ ಮೊದಲಿನದೇ, ಕರಗಿಸುವ ದುಡಿಮೆ ಮೊದಲಿನದಲ್ಲ. ಇದರ ಜೊತೆ ನಮ್ಮ ತೋಟಗಳಲ್ಲಿ ಬರಿಗಾಲಿನ ಓಡಾಟ ಬೇರೆ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ಸ್ಪರ್ಶ ಹೋಗುತ್ತದೆ. ಮಟ್ಟೆಯ ಸೀಳೋ ಮುಳ್ಳೋ ಚುಚ್ಚಿ ಕೀವಾಗಿದ್ದರೂ ಗೊತ್ತಾಗುವುದಿಲ್ಲ. ಎಷ್ಟೋ ಜನ ಆಸ್ಪತ್ರೆಗೆ ಬರುವುದು ಬೆರಳು ಕಪ್ಪಾದ ಮೇಲೆ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಪಾದ, ಕಣ್ಣು, ಮೂತ್ರ ತೋರಿಸಬೇಕು. ದಿನಾ ರಾತ್ರಿ ಪಾದವನ್ನು ಮಗನೋ ಸೊಸೆಯೋ ಒಂದು ಸಲ ನೋಡಲಿ.

ಬಾಯಿಯ ಪರೀಕ್ಷೆಗೆ ಟಾರ್ಚು, ಒಂದು ಕೈಗವಸು ಸಾಕು. ತೆಂಗಿನ ನಡುವೆ ಅಡಿಕೆ ಬೆಳೆಯುವವರು ನಾವು, ಎಲೆ ಅಡಿಕೆ ಇಲ್ಲದ ಶುಭಕಾರ್ಯವಿಲ್ಲ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಎರಡು ದಶಕದ ಹಿಂದೆಯೇ ಹೇಳಿದೆ. ಬೆಳೆಗಾರರಿಗೆ ಇದು ಹಿಡಿಸದ ಮಾತು, ಆದರೂ ವೈದ್ಯನಾದವನು ಹೇಳದೆ ಇರಲಾರ. ಹೊಗೆಸೊಪ್ಪು ಸೇರಿದರಂತೂ ಕೇಳುವುದೇ ಬೇಡ. ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿ, ಇವು ಕಂಡರೆ ತಡ ಮಾಡಬೇಡಿ. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಹೀಗೆ ಬರಿಗಣ್ಣಿನಲ್ಲಿ ಬಾಯಿ ನೋಡಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿಯಿತು. ಅದು 2005ರಲ್ಲೇ ಪ್ರಕಟವಾಗಿದೆ.

ಹೆಂಗಸರ ಪರೀಕ್ಷೆಯ ಮಾತು ಬಂದರೆ ರೇಡಿಯೋದ ಸದ್ದು ಕಡಿಮೆ ಮಾಡುವ ಮನೆಗಳಿವೆ. ದಯವಿಟ್ಟು ಮಾಡಬೇಡಿ. ಗರ್ಭಕೊರಳಿನ ಕ್ಯಾನ್ಸರ್ ಒಂದೇ ರಾತ್ರಿಗೆ ಬರುವುದಿಲ್ಲ, ಅದು ಬೆಳೆಯಲು ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ನಡುವೆ ಅಷ್ಟು ದೊಡ್ಡ ಅವಕಾಶ ಇರುವ ಕ್ಯಾನ್ಸರ್‌ಗಳು ಕಡಿಮೆ. ತೆಳುಗೊಳಿಸಿದ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಸವರಿ ಒಂದು ನಿಮಿಷ ಕಾದು ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವುದು, ಪರೀಕ್ಷೆ ಅಷ್ಟೇ. ನರ್ಸಮ್ಮನವರೇ ಮಾಡುತ್ತಾರೆ, ನೋವಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ವರ್ಷಗಟ್ಟಲೆ ಇದನ್ನು ಮಾಡಿ, ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿದದ್ದನ್ನು 2014ರಲ್ಲಿ ಪ್ರಕಟಿಸಿದರು. ಕೊಬ್ಬರಿ ಸುಲಿಯುವ, ತೆಂಗಿನ ಪುಡಿ ಕಾರ್ಖಾನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಬಿಳಿಸೆರಗು, ಮುಟ್ಟು ನಿಂತ ಮೇಲಿನ ರಕ್ತ, ಇವನ್ನೆಲ್ಲ ‘ಉಷ್ಣ’ ಎಂದು ಮೆಂತ್ಯದ ನೀರು ಕುಡಿದು ವರ್ಷ ತಳ್ಳುತ್ತಾರೆ. ಅತ್ತೆಯಂದಿರು ಸೊಸೆಯನ್ನು ಕರೆದುಕೊಂಡು ಹೋದರೆ ಸಾಕು, ಇಬ್ಬರದೂ ಒಟ್ಟಿಗೆ ಆಗುತ್ತದೆ.

ಇನ್ನು ಆ ದೊಡ್ಡ ಪ್ಯಾಕೇಜು. ಯಾವ ಲಕ್ಷಣವೂ ಇಲ್ಲದವನಿಗೆ ಕಂಡಕಂಡ ಪರೀಕ್ಷೆಯನ್ನೆಲ್ಲ ಮಾಡಿದರೆ ಆಯುಷ್ಯ ಹೆಚ್ಚುತ್ತದೆಯೇ? ಸಾಮಾನ್ಯ ತಪಾಸಣೆಗಳ ಮೇಲೆ ನಡೆದ ಪ್ರಯೋಗಗಳನ್ನು, ಎರಡೂವರೆ ಲಕ್ಷ ಜನರ ಲೆಕ್ಕವನ್ನು, 2019ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವು ಹೆಚ್ಚಾಗಿ ಯುರೋಪು ಅಮೆರಿಕದವು, ಪ್ರತಿ ಮನೆಗೂ ಡಾಕ್ಟರಿರುವ ದೇಶಗಳವು, ಹಾಗಾಗಿ ನಮಗೆ ಪೂರ್ತಿ ಅನ್ವಯಿಸುವುದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ದಕ್ಷಿಣ ಕೊರಿಯಾದ ಪಾಠ ಎಲ್ಲರಿಗೂ ಅನ್ವಯಿಸುತ್ತದೆ. ಅಲ್ಲಿ ತಪಾಸಣೆಯ ಜೊತೆಗೆ ಕುತ್ತಿಗೆಯ ಸ್ಕ್ಯಾನನ್ನೂ ಸೇರಿಸುವ ಚಾಳಿ ಬಿತ್ತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ‘ಹೆಚ್ಚಾಯಿತು’. ಅದರಿಂದ ಸಾಯುವವರು ಮಾತ್ರ ಅಷ್ಟೇ ಇದ್ದರು. ಜೀವಮಾನದಲ್ಲಿ ತೊಂದರೆ ಕೊಡದ ಗಂಟುಗಳನ್ನು ಹುಡುಕಿ, ಗಂಟಲು ಕೊಯ್ದು, ದಿನಾ ಮಾತ್ರೆ ನುಂಗುವ ಸಾವಿರಾರು ರೋಗಿಗಳನ್ನು ಸೃಷ್ಟಿಸಿದ್ದಾಯಿತು. ಪ್ಯಾಕೇಜು ಮಾಡಿಸಿಕೊಂಡವರು ಎಪ್ಪತ್ತು ಸಾಲಿನ ವರದಿಯಲ್ಲಿ ಕೆಂಪಕ್ಷರದ ಎರಡು ಅಂಕಿ ಹಿಡಿದು ರಾತ್ರಿ ನಿದ್ದೆಗೆಟ್ಟು ಬರುವುದನ್ನು ನೋಡಿದ್ದೇನೆ. ಕೊಡಬೇಕಾದ ಬಿ.ಪಿ. ಮಾತ್ರೆಯ ಬದಲು ಮೂರು ಬಗೆಯ ವಿಟಮಿನ್ ಮಾತ್ರೆಯ ಚೀಟಿ ಅವರ ಜೇಬಿನಲ್ಲಿರುತ್ತದೆ.

ಕಂಡುಹಿಡಿದರೆ ಅರ್ಧ ಕೆಲಸವೂ ಆದಂತಲ್ಲ. ದೊಡ್ಡ ಶಾಮಿಯಾನದ ಶಿಬಿರಗಳಲ್ಲಿ ಫೋಟೋ ತೆಗೆದಷ್ಟು ಶ್ರದ್ಧೆಯಿಂದ ವರದಿ ಹಂಚಿದ್ದು ಕಡಿಮೆ. ರಕ್ತ ಕೊಟ್ಟವನು ವರದಿ ಕೇಳಲಿಲ್ಲ, ತೆಗೆದವರು ಹುಡುಕಿಕೊಂಡು ಹೋಗಲಿಲ್ಲ. “ಒಂದ್ಸಲ ಮಾತ್ರೆ ಹಿಡಿದ್ರೆ ಬಿಡೋಕಾಗಲ್ವಂತೆ” ಎಂದು ಹೆದರಿ ತೆಗೆದುಕೊಳ್ಳದವರು ಒಂದು ಕಡೆ, ಬಿ.ಪಿ. ಸರಿಹೋಯಿತು ಎಂದು ಮೂರೇ ತಿಂಗಳಿಗೆ ಬಿಟ್ಟವರು ಇನ್ನೊಂದು ಕಡೆ. ಸರಿಹೋದದ್ದು ಮಾತ್ರೆಯಿಂದ ಸ್ವಾಮಿ! ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಸ್ಟಾಕ್ ಇಲ್ಲ ಎಂದರೆ ಗಟ್ಟಿಯಾಗಿ ಕೇಳಿ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ. ಅರವತ್ತು ವರ್ಷದ ಹಿಂದೆ ಕೆಮ್ಮಿನ ನೀರು ಕೊಟ್ಟು ಕಳಿಸಿದ ಹಾಗೆ ಇವತ್ತು ನಮ್ಮವರು ಬರಿಗೈಲಿ ವಾಪಸಾಗಬಾರದು.

ಒಂದು ಪ್ರಶ್ನೆಯನ್ನು ಈ ಸೀಮೆಯವರು ನನ್ನನ್ನು ಅಳುಕುತ್ತ ಕೇಳುತ್ತಾರೆ, ಕೊಬ್ಬರಿ ತಿಂದರೆ ಕೊಲೆಸ್ಟ್ರಾಲ್ ಬರುತ್ತದೆಯೇ? ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಇದನ್ನು ಹಲವು ಪ್ರಯೋಗಗಳು ತೋರಿಸಿವೆ. ಚಟ್ನಿಗೆ, ಹುಳಿಗೆ ಬೀಳುವ ಒಂದು ಹಿಡಿ ಕಾಯಿತುರಿಗೆ ಹೆದರಬೇಕಾಗಿಲ್ಲ. ಕರಿದದ್ದಕ್ಕೆ, ಬೇಕರಿ ತಿಂಡಿಗೆ, ಉಪ್ಪಿನಕಾಯಿಗೆ ಹೆದರಿ. ಹೃದ್ರೋಗ ಆಗಲೇ ಇದ್ದವರು ನಿಮ್ಮ ವೈದ್ಯರ ಮಾತಿನಂತೆ ಕಾಯಿಯನ್ನೂ ಕಮ್ಮಿ ಮಾಡಿ.

ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಆಗ ತಪಾಸಣೆಯ ಮಾತಿಲ್ಲ, ‘ಗ್ಯಾಸು’ ಎಂದು ಸೋಡಾ ಕುಡಿದು ಕೂರುವ ಹೊತ್ತೂ ಅಲ್ಲ. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. 46ನೇ ವಯಸ್ಸಿಗೆ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇ.ಸಿ.ಜಿ. ತೆಗೆದು, ಜಯದೇವದ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ನೋವು ಬಂದ ಮೇಲೆ ವಿಚಾರಿಸಲು ಪುರಸೊತ್ತಿರುವುದಿಲ್ಲ.

ನೊಣವಿನಕೆರೆಯವರಿರಲಿ, ಹುಳಿಯಾರಿನವರಿರಲಿ, ಮಾಯಸಂದ್ರದವರಿರಲಿ, ಈ ಮಾತು ಕೇಳುತ್ತಿರುವ 30 ದಾಟಿದವರಲ್ಲಿ ನನ್ನದೊಂದು ಕೋರಿಕೆ. ಈ ವಾರದೊಳಗೆ ನಿಮ್ಮ ಊರಿನ ಉಪಕೇಂದ್ರಕ್ಕೆ ಗಂಡ ಹೆಂಡತಿ ಜೊತೆಯಾಗಿ ಹೋಗಿ. ಬಿ.ಪಿ., ಶುಗರ್ ನೋಡಿಸಿ, ಬಾಯಿ ತೆರೆದು ತೋರಿಸಿ, ಹೆಂಗಸರ ಪರೀಕ್ಷೆ ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಬಂದ ಅಂಕಿಗಳನ್ನು, ತಾರೀಖಿನ ಸಮೇತ, ಕೊಬ್ಬರಿ ತೂಕದ ಚೀಟಿ ಇಡುವ ಜಾಗದಲ್ಲೇ ಜೋಪಾನವಾಗಿಟ್ಟು, ಮುಂದಿನ ಸಲ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ.